ಮಿಡಿ ಕೆಟ್ಟ ವರ್ಷ

ನಮ್ಮ ಮನೆಯ ಉಗ್ರಾಣಕ್ಕೆ ಕಿಟಕಿ ಇರಲಿಲ್ಲ. ಜಯಪುರದ ಪೇಟೆಬೀದಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯಲ್ಲಿ ಅಜ್ಜ ಮತ್ತು ಅಪ್ಪ ಹಗ್ಗ, ಬಕೆಟ್ಟು, ಹಾರೆ, ಕತ್ತಿ ಮಾರುತ್ತಿದ್ದರು. ಅಂಗಡಿಯ ಹಿಂಬಾಗಿಲು ದಾಟಿದರೆ ನಡುಕೋಣೆ, ಅದರಾಚೆ ಅಡುಗೆಮನೆ, ಅಡುಗೆಮನೆಯ ಮೂಲೆಗೆ ಉಗ್ರಾಣ. ಅದರ ಬಾಗಿಲು ಗಿಡ್ಡ. ಅಪ್ಪ ಪ್ರತಿ ಸಲವೂ ಹಣೆ ಬಡಿಸಿಕೊಂಡು, ಪ್ರತಿ ಸಲವೂ ಆ ಬಾಗಿಲು ಮಾಡಿದ ಆಚಾರಿಯನ್ನು ಬೈಯುತ್ತಿದ್ದ. ಒಳಗೆ ಹೋದರೆ ಮೊದಲು ಮೂಗಿಗೆ ಹಿಂಗು, ಸಾಸಿವೆ, ಹಳೆಯ ಬೆಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಗೋಡೆಯುದ್ದಕ್ಕೂ ಹಲಗೆಯ ಮೇಲೆ ಕೂತ ಭರಣಿಗಳು ಕಾಣುತ್ತಿದ್ದವು. ಮೇಲರ್ಧ ಕಂದು, ಕೆಳಗರ್ಧ ಬಿಳಿ, ಬಾಯಿಗೆ ಬಟ್ಟೆ ಬಿಗಿದು ಕಟ್ಟಿರುತ್ತಿತ್ತು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮಾವಿನ ಮಿಡಿಯದು. ನಮ್ಮ ಮನೆಯಲ್ಲಿ ದೇವರ ಕೋಣೆಗಿಂತ ಹೆಚ್ಚು ಕಟ್ಟುಪಾಡು ಇದ್ದದ್ದು ಆ ಭರಣಿಗೆ. ಒದ್ದೆ ಕೈಯಲ್ಲಿ ಮುಟ್ಟುವ ಹಾಗಿಲ್ಲ, ಉಂಡ ಕೈಯಲ್ಲಿ ಮುಟ್ಟುವ ಹಾಗಿಲ್ಲ, ಹೊರಗಾದ ಹೆಂಗಸಿನ ನೆರಳೂ ಬೀಳುವ ಹಾಗಿಲ್ಲ. ಅದರ ಬಟ್ಟೆ ಬಿಚ್ಚುವ ಅಧಿಕಾರ ಅಜ್ಜಿಯೊಬ್ಬಳದೇ.

ತಿಂಗಳ ಮುಟ್ಟಾದಾಗ ಹೆಂಗಸರು ಹಿತ್ತಲ ಜಗಲಿಯಲ್ಲಿ ಕೂರುತ್ತಿದ್ದರು. ಅಲ್ಲೊಂದು ಚಾಪೆ, ಒಂದು ತಟ್ಟೆ, ಒಂದು ಲೋಟ, ಒಂದು ಕಂಬಳಿ. ಪೇಟೆಯಲ್ಲಿ ಬಹಳ ಮನೆಗಳಲ್ಲಿ ಆ ಪದ್ಧತಿ ಆಗಲೇ ಸಡಿಲವಾಗಿತ್ತು. ನಮ್ಮಲ್ಲಿ ಸಡಿಲವಾಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಅಂದರೆ, ನನ್ನ ಅಮ್ಮನಿಗೆ ಆ ಮೂರು ದಿನ ಇಷ್ಟವೇ ಇತ್ತು. ಒಲೆಯ ಮುಂದೆ ನಿಲ್ಲಬೇಕಾಗಿಲ್ಲ, ಯಾರೂ ಕರೆಯುವುದಿಲ್ಲ, ವಾರಪತ್ರಿಕೆಯ ಧಾರಾವಾಹಿಗಳನ್ನೆಲ್ಲ ಒಟ್ಟಿಗೆ ಓದಿ ಮುಗಿಸಬಹುದು. ಚಿಕ್ಕಮ್ಮನಿಗೆ ಹಾಗಲ್ಲ. ಚಿಕ್ಕಪ್ಪನನ್ನು ಮದುವೆಯಾಗಿ ನರಸಿಂಹರಾಜಪುರದಿಂದ ನಮ್ಮ ಮನೆಗೆ ಬಂದು ಅವಳಿಗೆ ಹೆಚ್ಚು ಕಾಲವಾಗಿರಲಿಲ್ಲ. ಅವಳ ತವರಲ್ಲಿ ಈ ಜಗಲಿ ಇರಲಿಲ್ಲ. ಅಲ್ಲಿ ಕೂತಾಗ ಅವಳು ಓದುತ್ತಿರಲಿಲ್ಲ, ಮಲಗುತ್ತಿರಲಿಲ್ಲ, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂತಿರುತ್ತಿದ್ದಳು. ಆದರೂ ಒಂದು ಸಲವೂ ನಿಯಮ ಮುರಿದವಳಲ್ಲ. ಬೇಜಾರಿನಿಂದ ಪಾಲಿಸಿದಳು, ಆದರೆ ಪಾಲಿಸಿದಳು.

ಮಿಡಿ ಕೆಟ್ಟ ಬೇಸಿಗೆಯ ಹಿಂದಿನ ಚಳಿಗಾಲದಲ್ಲಿ ಅಜ್ಜ ಅಂಗಡಿಯಲ್ಲಿ ತಲೆ ತಿರುಗಿ ಬಿದ್ದಿದ್ದ. ಕೊಪ್ಪದ ಡಾಕ್ಟರು ರಕ್ತದೊತ್ತಡ ಅಂದರು, ಉಪ್ಪು ಕಡಿಮೆ ಮಾಡಿ ಅಂದರು. ಅಜ್ಜಿ ಆ ಮಾತನ್ನು ಮನೆಗೆ ತಂದವಳು ಮತ್ತೆ ಕೆಳಗಿಡಲೇ ಇಲ್ಲ. ಸಾರು ಸಪ್ಪೆ, ಪಲ್ಯ ಸಪ್ಪೆ, ಮಜ್ಜಿಗೆಗೆ ಉಪ್ಪೇ ಇಲ್ಲ. ಬೇಕಾದವರು ಬಡಿಸಿಕೊಳ್ಳಲಿ ಎಂದು ಬಾಳೆಯೆಲೆಯ ತುದಿಗೆ ಒಂದಿಷ್ಟು ಹಾಕುತ್ತಿದ್ದಳು, ಅಜ್ಜನ ಎಲೆ ಒಂದನ್ನು ಬಿಟ್ಟು. ಅಜ್ಜ ಉಪ್ಪಿನಕಾಯಿ ಕದ್ದು ತಿನ್ನಲು ಶುರುಮಾಡಿದ. ಒಂದು ಮಧ್ಯಾಹ್ನ ಸಿಕ್ಕಿಬಿದ್ದ.

"ಇಷ್ಟು ವಯಸ್ಸಾಯ್ತು, ನಾಲಿಗೆ ಕಟ್ಟಕ್ಕೆ ಆಗ್ದಾ ನಿಮ್ಗೆ?"

"ಸಪ್ಪೆ ಸಾರು ಕುಡ್ಕೊಂಡು ಎಷ್ಟು ವರ್ಷ ಇರ್ಬೇಕು ಅಂತೀಯೆ? ಸಾಯೂದಾದ್ರೆ ಉಪ್ಪು ತಿಂದೇ ಸಾಯ್ತೀನಿ ಬಿಡು."

ಅಜ್ಜ ಅದನ್ನು ತಮಾಷೆಗೆ ಹೇಳಿದ್ದು. ಅಜ್ಜಿ ಎಲೆಯ ಮುಂದಿನಿಂದ ಎದ್ದು ಹೋದಳು. ಅವತ್ತು ಅವಳು ಊಟ ಮಾಡಲಿಲ್ಲ, ಸಂಜೆ ಕಾಫಿಯನ್ನೂ ಕುಡಿಯಲಿಲ್ಲ. ಅಜ್ಜಿ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನಾಗ ಏಳನೇ ಕ್ಲಾಸಿನಲ್ಲಿದ್ದೆ. ನಮಗೆ ವಿಜ್ಞಾನ ಹೇಳಿಕೊಡುತ್ತಿದ್ದ ಮೇಷ್ಟ್ರು ಕೊಪ್ಪದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಸ್ಸು ತಡವಾದರೆ ಅವರೂ ತಡ, ಪಾಠವೂ ತಡ. ಆ ವರ್ಷದ ಕೊನೆಯ ಪಾಠಗಳಲ್ಲಿ ಒಂದರಲ್ಲಿ ಅವರು ಪುಸ್ತಕ ಮುಚ್ಚಿಟ್ಟು, ವಿಜ್ಞಾನದವರು ಒಂದು ವಿಷಯವನ್ನು ಹೇಗೆ ತಿಳಿದುಕೊಳ್ಳುತ್ತಾರೆ ಎಂದು ಹೇಳಿದ್ದರು. ಮೊದಲು ಗಮನವಿಟ್ಟು ನೋಡಬೇಕು. ಯಾಕೆ ಹೀಗೆ ಎಂದು ಕೇಳಬೇಕು. ಇದರಿಂದ ಇರಬಹುದು ಎಂದು ಊಹಿಸಬೇಕು. ಆ ಊಹೆಯನ್ನು ಪರೀಕ್ಷೆಗೆ ಹಾಕಬೇಕು, ಪರೀಕ್ಷೆ ಏನು ಹೇಳಿತೋ ಅದನ್ನು ಒಪ್ಪಬೇಕು. ಪರೀಕ್ಷೆಯಲ್ಲಿ ಒಂದನ್ನು ಮಾತ್ರ ಬದಲಿಸಿ, ಉಳಿದದ್ದೆಲ್ಲ ಇದ್ದ ಹಾಗೇ ಇರಲಿ ಅಂದರು. ಆಮೇಲೆ ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಾ ಹೇಳಿದ ಮಾತು ನನಗೆ ಈಗಲೂ ಅವರ ದನಿಯಲ್ಲೇ ಕೇಳುತ್ತದೆ.

"ಎಲ್ಲಕ್ಕಿಂತ ಕಷ್ಟದ್ದು ಕೊನೇದು ಮಕ್ಳೆ. ನಿಮ್ಮ ಊಹೆ ಸುಳ್ಳಾದಾಗ ಸುಳ್ಳಾಯ್ತು ಅಂತ ಒಪ್ಪೂದು. ಅದಕ್ಕೇ ಒಂದೇ ಊಹೆ ಇಟ್ಕೊಂಡು ಹೊರಡ್ಬೇಡಿ. ಇನ್ನೊಂದನ್ನೂ ಜೊತೇಲಿ ಕರ್ಕೊಂಡು ಹೋಗಿ."

ಬೇಸಿಗೆಗೆ ಮಿಡಿ ಬಂತು. ಹಿರೇಕೊಡಿಗೆ ಕಡೆಯವನೊಬ್ಬ ಪ್ರತಿ ವರ್ಷ ಗೋಣಿಚೀಲದಲ್ಲಿ ತರುತ್ತಿದ್ದ. ಮಿಡಿ ಬಂದ ದಿನ ಮನೆಯ ಹೆಂಗಸರೆಲ್ಲ ನಡುಕೋಣೆಯಲ್ಲಿ ಕೂತು, ಒಂದೊಂದನ್ನೇ ತೊಟ್ಟು ಉಳಿಸಿಕೊಂಡು ಒಣಬಟ್ಟೆಯಲ್ಲಿ ಒರೆಸುತ್ತಿದ್ದರು. ಪೆಟ್ಟು ಬಿದ್ದದ್ದು ಬೇರೆ, ಮೆತ್ತಗಿದ್ದದ್ದು ಬೇರೆ. ಸೊನೆಯ ವಾಸನೆಗೆ ತಲೆ ಹಿಡಿದುಕೊಳ್ಳುತ್ತಿತ್ತು. ಆಮೇಲೆ ಭರಣಿಗೆ ಒಂದು ಪದರ ಮಿಡಿ, ಅದರ ಮೇಲೆ ಕಲ್ಲುಪ್ಪು, ಮತ್ತೆ ಮಿಡಿ, ಮತ್ತೆ ಉಪ್ಪು. ಅಜ್ಜಿ ಸೇರು ಪಾವು ಯಾವುದನ್ನೂ ಬಳಸುತ್ತಿರಲಿಲ್ಲ. ಅವಳ ಮುಷ್ಟಿಯೇ ಅಳತೆ. ಉಪ್ಪಿನಲ್ಲಿ ಮಿಡಿ ನೀರು ಬಿಟ್ಟುಕೊಂಡು ಸುಕ್ಕಾದ ಮೇಲೆ ಖಾರ ಹಾಕುವುದು. ಆ ವರ್ಷ ಖಾರ ಹಾಕುವ ತನಕ ಹೋಗಲೇ ಇಲ್ಲ. ಒಂದು ಬೆಳಿಗ್ಗೆ ಅಜ್ಜಿ ಬಟ್ಟೆ ಬಿಚ್ಚಿದಾಗ ಉಪ್ಪುನೀರಿನ ಮೇಲೆ ಬಿಳಿ ಪೊರೆ ಕಟ್ಟಿತ್ತು. ಒಂದು ಮಿಡಿ ತೆಗೆದು ಒತ್ತಿದಳು. ಅದು ಬೆರಳ ನಡುವೆ ಲೊಳಕ್ಕನೆ ಒಡೆದು ಹೋಯಿತು. ಉಗ್ರಾಣದ ತುಂಬಾ ಕೊಳೆತ ವಾಸನೆ.

ಅಜ್ಜಿ ಯಾಕೆ ಹೀಗಾಯಿತು ಎಂದು ಕೇಳಲಿಲ್ಲ. ಕೇಳುವ ಅಗತ್ಯ ಅವಳಿಗೆ ಕಾಣಲಿಲ್ಲ. ಉಪ್ಪು ಹಾಕಿದ ವಾರದಲ್ಲೇ ಚಿಕ್ಕಮ್ಮ ಹೊರಗಾಗಿದ್ದಳು. ಜಗಲಿಗೆ ಹೋಗುವ ಮೊದಲು ಬೆಲ್ಲ ತರಲು ಉಗ್ರಾಣಕ್ಕೆ ಹೋಗಿದ್ದಳು. ಆಗಲೇ ಮುಟ್ಟಾಗಿತ್ತು, ಗೊತ್ತಿದ್ದೂ ಭರಣಿ ಮುಟ್ಟಿದಳು, ಹೇಳಲಿಲ್ಲ. ಅಜ್ಜಿಯ ಲೆಕ್ಕ ಅಷ್ಟೇ. ಬೇಡಿಕೆಯೂ ದೊಡ್ಡದಲ್ಲ.

"ಮುಟ್ಟಿದ್ದೆ ಅಂತ ಹೇಳು, ಮುಗೀತು ಮಾರಾಯ್ತಿ. ತಲೆಗೆ ನೀರು ಹಾಕ್ಕೊಂಡು ಪಂಚಗವ್ಯ ತಗೊಂಡ್ರೆ ಆಯ್ತು. ನಿನ್ನನ್ನ ಯಾರು ಎಂತ ಮಾಡ್ತಾರೆ?"

"ಮುಟ್ಟಿದ್ರೆ ಹೇಳ್ತಿದ್ದೆ ಅತ್ತೆ. ನಾನು ಮುಟ್ಲಿಲ್ಲ."

"ಒಪ್ಪಿಕೊಂಡ್ರೆ ಎಂತ ಹೋಗುತ್ತೆ ನಿಂದು? ನಾವೆಲ್ಲ ಒಪ್ಪಿಕೊಂಡೇ ಬಾಳಿದವ್ರು."

"ಮಿಡಿ ಹೋದ್ರೆ ಹೋಗ್ಲಿ, ಇನ್ನೊಂದು ವರ್ಷ ಬರುತ್ತೆ. ಮಾಡದೇ ಇರೂದನ್ನ ಮಾಡ್ದೆ ಅಂದ್ರೆ ನಾನು ಆಮೇಲೆ ಈ ಮನೇಲಿ ಎಂತ ಹೇಳಿದ್ರೂ ಯಾರು ನಂಬ್ತಾರೆ?"

ಚಿಕ್ಕಪ್ಪ ಅಲ್ಲೇ ನಿಂತಿದ್ದ. ಅವನು ನೆಲ ನೋಡಿದ. ನನಗೆ ಅವನ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಅವತ್ತಿನಿಂದ ಚಿಕ್ಕಮ್ಮ ಅಡುಗೆಮನೆಯ ಹೊಸಿಲಿನ ಹೊರಗೇ ಉಳಿದಳು. ಯಾರೂ ಹೊರಗಿರು ಎಂದು ಹೇಳಲಿಲ್ಲ. ಅವಳು ಹೆಚ್ಚಿಟ್ಟ ತರಕಾರಿಯನ್ನು ಅಜ್ಜಿ ಮತ್ತೊಮ್ಮೆ ತೊಳೆದಳು, ಅಷ್ಟೇ. ನೀರು ಸೇದುವುದು, ಬಟ್ಟೆ ಒಗೆಯುವುದು, ಹಿತ್ತಲು ಗುಡಿಸುವುದು ಇವೇ ಅವಳ ಕೆಲಸವಾದವು. ಒಂದು ದಿನ ನರಸಿಂಹರಾಜಪುರಕ್ಕೆ ಫೋನು ಹೋಯಿತು. ಸ್ವಲ್ಪ ದಿನ ತವರಲ್ಲಿದ್ದು ಬರಲಿ ಎಂದು ತೀರ್ಮಾನವಾಯಿತು. ಎಷ್ಟು ದಿನ ಎಂದು ಯಾರೂ ಹೇಳಲಿಲ್ಲ. ಅವಳು ಹೋದರೆ ಒಪ್ಪಿಕೊಂಡು ಹೋದಂತೆ, ಹೋಗದಿದ್ದರೆ ಹಟ ಮಾಡಿದಂತೆ. ನನಗೆ ಹನ್ನೆರಡು ವರ್ಷವಾಗಿತ್ತು. ಆ ಜಗಲಿಯಲ್ಲಿ ನಾನೂ ಇನ್ನೇನು ಕೂರಬೇಕಾದವಳು ಎನ್ನುವುದು ಗೊತ್ತಾಗುವಷ್ಟು ದೊಡ್ಡವಳಾಗಿದ್ದೆ.

ಊಟದ ಹೊತ್ತಿನಲ್ಲಿ ಎಲ್ಲರೂ ಇದ್ದಾಗ ಹೇಳಿದೆ.

"ಅಜ್ಜಿ, ಮುಟ್ಟಿದ್ರೆ ಕೆಡುತ್ತೆ ಅಂತ ನೀನು ಹೇಳೂದು. ಮುಟ್ಸಿ ನೋಡುವ."

ಅಪ್ಪ ಗದರಿದ. ಅಜ್ಜ ಎಲೆಯಿಂದ ತಲೆ ಎತ್ತಿದ. ಅಜ್ಜಿ ಮಾತ್ರ ನನ್ನನ್ನು ಬಹಳ ಹೊತ್ತು ನೋಡಿದಳು. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಆದರೆ ಅಜ್ಜಿಗೆ ತನ್ನ ಮಾತಿನ ಮೇಲೆ ಅನುಮಾನವೇ ಇರಲಿಲ್ಲ, ಅನುಮಾನವಿಲ್ಲದವಳಿಗೆ ಪರೀಕ್ಷೆಯ ಭಯವೂ ಇರಲಿಲ್ಲ.

"ಮಾಡು ಕೂಸೇ. ಕಣ್ಣಾರೆ ಕಂಡ್ಮೇಲಾದ್ರೂ ಅವ್ಳು ಬಾಯಿ ಬಿಡ್ತಾಳೇನೋ."

ಚಿಕ್ಕಮ್ಮನನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು. ಅವಳು ಒಗೆಯುವ ಕಲ್ಲಿನ ಹತ್ತಿರ ಇದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ, ಹಿಂಡುತ್ತಿದ್ದ ಸೀರೆಯನ್ನು ಹಾಗೇ ಹಿಡಿದುಕೊಂಡು ನಿಂತಳು.

"ಮುಟ್ಲಿಲ್ಲ ಅಂತ ತೋರ್ಸೂಕೆ ನಾನೀಗ ಮುಟ್ಬೇಕಾ?"

"ಹೌದು ಚಿಕ್ಕಮ್ಮ."

"ಕೆಟ್ಟು ಹೋದ್ರೆ?"

ಎಲ್ಲಕ್ಕಿಂತ ಕಷ್ಟದ್ದು ಎಂದು ಮೇಷ್ಟ್ರು ಹೇಳಿದ್ದರ ತೂಕ ನನಗೆ ಗೊತ್ತಾದದ್ದು ಅಲ್ಲಿ, ಆ ಸೋಪಿನ ನೀರಿನ ನಡುವೆ. ಕೆಟ್ಟು ಹೋದರೆ ನಾನೂ ಒಪ್ಪಬೇಕು. ಚಿಕ್ಕಮ್ಮ ಸೀರೆ ಹರವಿ ಬಂದು, ಕೈ ಒರೆಸಿಕೊಂಡು, ಆಗಲಿ ಅಂದಳು. ನಾನು ಅವಳಾಗಿದ್ದರೆ ಅನ್ನುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ಕೊನೆಯ ಕೊಯ್ಲಿನ ಮಿಡಿ ಇನ್ನೂ ಒಂದಿಷ್ಟು ಸಿಕ್ಕಿತು, ಸ್ವಲ್ಪ ಬಲಿತದ್ದು. ನಾನು ಎರಡು ಗಾಜಿನ ಬಾಟಲಿ ತೊಳೆದು ಬಿಸಿಲಿಗೆ ಒಣಗಿಸಿದ್ದೆ. ಅಮ್ಮ ಬಂದು ಇನ್ನೆರಡು ಬಾಟಲಿಗಳನ್ನು ಪಕ್ಕದಲ್ಲಿಟ್ಟಳು. ಅಮ್ಮ ಶೃಂಗೇರಿ ಕಡೆಯವಳು, ಮಾತು ಕಡಿಮೆ.

"ಅತ್ತೆ ಎರಡಕ್ಕೆ ಉಪ್ಪು ಹಾಕ್ಲಿ. ನಮ್ಮ ತವರಲ್ಲಿ ಹಾಕೋ ಅಳತೇಲಿ ನಾನು ಎರಡಕ್ಕೆ ಹಾಕ್ತೀನಿ. ನಿಮ್ಮ ಮೇಷ್ಟ್ರು ಇನ್ನೊಂದು ಊಹೇನೂ ಇರ್ಲಿ ಅಂದಿದ್ರು ಅಂತ ನೀನೇ ಹೇಳಿದ್ಯಲ್ಲ."

"ಉಪ್ಪಿಂದ ಇರ್ಬಹುದು ಅಂತ ನಿಂಗೆ ಅನ್ಸುತ್ತಾ? ಹಂಗಾದ್ರೆ ಅಜ್ಜಿಗೆ ಹೇಳ್ಬಹುದಿತ್ತಲ್ಲ."

"ಸೊಸೆ ಬಾಯಲ್ಲಿ ಬರೂದಕ್ಕಿಂತ ಬಾಟ್ಲಿ ಬಾಯಲ್ಲಿ ಬರ್ಲಿ."

ಹೀಗೆ ನಾಲ್ಕಾಯಿತು. ಒಂದೇ ಚೀಲದ ಮಿಡಿ, ಒಂದೇ ಉಪ್ಪಿನ ಡಬ್ಬ, ಒಂದೇ ಥರದ ಬಾಟಲಿ. ಅಜ್ಜಿ ತನ್ನ ಮುಷ್ಟಿಯಿಂದ ಎರಡಕ್ಕೆ ಹಾಕಿದಳು, ಅಮ್ಮ ಎರಡಕ್ಕೆ. ಚಿಕ್ಕಮ್ಮ ಹೊರಗಾದ ದಿನ ನಾಲ್ಕನ್ನೂ ಜಗಲಿಗೆ ಒಯ್ದೆ. ಅಜ್ಜಿಯ ಉಪ್ಪಿನದ್ದೊಂದು, ಅಮ್ಮನ ಉಪ್ಪಿನದ್ದೊಂದು, ಇವೆರಡರ ಮುಚ್ಚಳವನ್ನು ಮಾತ್ರ ಚಿಕ್ಕಮ್ಮ ತೆಗೆದಳು. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಬೆರಳು ಇಳಿಸುವಾಗ ಅವಳು ಕಣ್ಣು ಮುಚ್ಚಿಕೊಂಡಳು. ಉಳಿದೆರಡನ್ನು, ಎಲ್ಲವೂ ಸಮವಿರಲೆಂದು, ಮುಟ್ಟಾಗದ ನಾನು ಹಾಗೇ ಕೈ ಒರೆಸಿಕೊಂಡು ಬೆರಳಿಳಿಸಿ ಕಲಕಿದೆ. ಚಿಕ್ಕಮ್ಮ ಮುಟ್ಟಿದ್ದಕ್ಕೆ ಕೆಂಪು ದಾರ, ನಾನು ಮುಟ್ಟಿದ್ದಕ್ಕೆ ಬಿಳಿ. ಅಮ್ಮನ ಉಪ್ಪಾದರೆ ಎರಡೆಳೆ, ಅಜ್ಜಿಯದಾದರೆ ಒಂದೆಳೆ. ದಾರದ ಅರ್ಥವನ್ನು ಅಜ್ಜಿಗೆ ಹೇಳಲಿಲ್ಲ. ನಾಲ್ಕನ್ನೂ ಉಗ್ರಾಣದ ಒಂದೇ ಹಲಗೆಯ ಮೇಲೆ ಸಾಲಾಗಿ ಇಟ್ಟೆವು. ತವರಿಗೆ ಹೋಗುವ ಮಾತು ಬಾಟಲಿ ತೆರೆಯುವವರೆಗೆ ನಿಂತಿತು.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಉಗ್ರಾಣದ ಮಾತೆತ್ತುತ್ತಿರಲಿಲ್ಲ. ಅಜ್ಜ ಮಾತ್ರ ಊಟಕ್ಕೆ ಕೂತಾಗ ಆ ಗಿಡ್ಡ ಬಾಗಿಲಿನ ಕಡೆ ಒಮ್ಮೆ ನೋಡುತ್ತಿದ್ದ, ಅದು ಉಪ್ಪಿನಕಾಯಿಯ ಆಸೆಗೋ ಸೊಸೆಯ ಚಿಂತೆಗೋ ಹೇಳುವುದು ಕಷ್ಟ. ಶಾಲೆಗೆ ರಜ. ನಾನು ದಿನಕ್ಕೊಂದು ಸಲ ಒಳಗೆ ಹೋಗಿ, ಮುಟ್ಟದೆ, ಮುಚ್ಚಳ ತೆಗೆಯದೆ, ಬರಿದೇ ನೋಡಿ ಬರುತ್ತಿದ್ದೆ. ಕತ್ತಲಲ್ಲಿ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ದೇವರಿಗೆ ಕೈ ಮುಗಿಯುವಾಗ ಕೆಂಪು ದಾರದ್ದು ಕೆಡದಿರಲಿ ಎಂದು ಬೇಡಿಕೊಳ್ಳಲು ಹೋಗಿ, ಹಾಗೆ ಬೇಡಿಕೊಂಡರೆ ಪರೀಕ್ಷೆ ಸರಿಯಾಗುತ್ತದೋ ಇಲ್ಲವೋ ಎಂದು ಗೊಂದಲವಾಗಿ ಸುಮ್ಮನಾಗುತ್ತಿದ್ದೆ.

ತೆರೆಯುವ ದಿನ ಬೆಳಿಗ್ಗೆ ಅಜ್ಜಿ ಸ್ನಾನ ಮುಗಿಸಿ ಬಂದು ನಡುಕೋಣೆಯಲ್ಲಿ ಮಣೆ ಹಾಕಿ ಕೂತಳು. ಅಮ್ಮ ಬಾಟಲಿಗಳನ್ನು ಹಿಂದುಮುಂದಾಗಿ ಇಟ್ಟಳು. ನಾನು ಪಕ್ಕದಲ್ಲಿ ಕೂರಲು ಹೋದರೆ ಅಮ್ಮ ತೋಳು ಹಿಡಿದು ಎಬ್ಬಿಸಿದಳು.

"ನೀನು ಹಿತ್ತಲಿಗೆ ಹೋಗು. ನಿನ್ನ ಮುಖ ನೋಡಿದ್ರೆ ಎಲ್ಲಾ ಗೊತ್ತಾಗುತ್ತೆ."

ಹಿತ್ತಲಲ್ಲಿ ಚಿಕ್ಕಮ್ಮ ಪಾತ್ರೆ ತೊಳೆಯುತ್ತಿದ್ದಳು. ನನ್ನನ್ನು ನೋಡಿ ನಿಲ್ಲಿಸಿದಳು. ಒಳಗಿನಿಂದ ಒಂದೊಂದೇ ಮುಚ್ಚಳ ಬಿಚ್ಚುವ ಸದ್ದು ಕೇಳಿತು. ಆಮೇಲೆ ಅಜ್ಜಿಯ ದನಿ, ಗೆದ್ದವರ ದನಿಯಲ್ಲ, ಬೇಸರದ ದನಿ.

"ಇವೆರಡು ಹೋಗಿವೆ. ಇವೆರಡು ಸರಿ ಇವೆ. ನಾನು ಹೇಳಿರ್ಲಿಲ್ವಾ? ಕರೀರಿ ಕೂಸನ್ನ."

ಎರಡು ಕೆಟ್ಟಿವೆ, ಎರಡು ಉಳಿದಿವೆ. ಚಿಕ್ಕಮ್ಮ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ನಾನು ಓಡಿದೆ. ಅಜ್ಜಿಯ ಎಡಕ್ಕೆ ಎರಡು, ಬಲಕ್ಕೆ ಎರಡು. ಎಡಗಡೆ ಕೆಟ್ಟವುಗಳ ನೀರಿನ ಮೇಲೆ ಅದೇ ಬಿಳಿ ಪೊರೆ. ಒಂದರ ಕುತ್ತಿಗೆಗೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ. ಬಲಗಡೆ ಗಟ್ಟಿಯಾಗಿ ಸುಕ್ಕಾದ ಮಿಡಿ. ಅಲ್ಲೂ ಒಂದಕ್ಕೆ ಕೆಂಪು, ಒಂದಕ್ಕೆ ಬಿಳಿ. ನಾನು ದಾರದ ಅರ್ಥ ಹೇಳಿದೆ.

"ಇನ್ನೊಂದ್ಸಲ ನೋಡು," ಅಂದಳು ಅಜ್ಜಿ.

ನೋಡಿದೆ. ಅಜ್ಜಿ ಬಲಗಡೆಯ ಕೆಂಪು ದಾರದ ಬಾಟಲಿಯನ್ನು ಎತ್ತಿ ಮೂಗಿನ ಹತ್ತಿರ ಹಿಡಿದಳು, ಒಂದು ಮಿಡಿ ತೆಗೆದು ಒತ್ತಿದಳು. ಆಮೇಲೆ ಅದನ್ನು ಕಚ್ಚಿದಳು. ಕರಕ್ಕೆಂದು ಸದ್ದಾಯಿತು. ಪೂರ್ತಿ ಜಗಿದು ನುಂಗಿದಳು.

"ಕೆಟ್ಟವೆರಡೂ ಒಂದೆಳೆ ದಾರದ್ದು ಅತ್ತೆ," ಅಂದಳು ಅಮ್ಮ, ಆದಷ್ಟು ಮೆಲ್ಲಗೆ. "ಅವಕ್ಕೆ ಉಪ್ಪು ಹಾಕಿದ್ದು ನೀವು. ಮಾವ ಬಿದ್ದ ಮೇಲೆ ನಿಮ್ಮ ಮುಷ್ಟಿ ಸಣ್ಣ ಆಗಿದೆ."

ಅಜ್ಜಿ ತನ್ನ ಬಲಗೈಯನ್ನು ಮಡಿಚಿ ನೋಡಿಕೊಂಡಳು.

"ಇವ್ರು ಕದ್ದು ತಿಂತಾರೆ. ತಿಂದ್ರೂ ಒಂಚೂರು ಕಡಿಮೆ ಹೋಗ್ಲಿ ಅಂತ ಹಾಕ್ದೆ. ಅಷ್ಟಕ್ಕೇ ಕೆಡುತ್ತೆ ಅಂತ ತಲೆಗೇ ಬರ್ಲಿಲ್ಲ."

ಅಜ್ಜ ಅಂಗಡಿಯ ಬಾಗಿಲಲ್ಲಿ ಬಂದು ನಿಂತಿದ್ದ. ನಾನು ಗೆದ್ದಿದ್ದೆ. ಕುಣಿಯಬೇಕು ಅನಿಸಿತ್ತು, ಬಾಯಿ ತುದಿಗೆ ಏನೇನೋ ಮಾತು ಬಂದಿತ್ತು. ಆದರೆ ಅಜ್ಜಿಯ ಮುಖ ನೋಡಿ ಸುಮ್ಮನಾದೆ. ಅವಳು ಬಾಟಲಿಗಳನ್ನು ನೋಡುತ್ತಿರಲಿಲ್ಲ. ಉಗ್ರಾಣದ ಆ ಗಿಡ್ಡ ಬಾಗಿಲನ್ನು ನೋಡುತ್ತಿದ್ದಳು.

"ಹಂಗಾದ್ರೆ ನಾನೂ ಮುಟ್ಟಿರ್ಲಿಲ್ಲ," ಅಂದಳು.

ಯಾರಿಗೂ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ, ಇದೇ ಉಗ್ರಾಣದಲ್ಲಿ, ಇದೇ ಭರಣಿಯಲ್ಲಿ ಮಿಡಿ ಕೆಟ್ಟಿತ್ತು. ಅವಳ ಅತ್ತೆ ಅವಳ ಕಡೆಗೆ ಕೈ ತೋರಿಸಿದ್ದರು. ಮುಟ್ಟಿಲ್ಲ ಅಂದಳಂತೆ, ಅತ್ತಳಂತೆ. ತವರಿಗೆ ಕಳಿಸುತ್ತೇವೆ ಅಂದಾಗ ಹೆದರಿ, ಹೌದು, ಮುಟ್ಟಿದ್ದೆ ಅಂದುಬಿಟ್ಟಳಂತೆ. ಆಮೇಲೆ ಬಹಳ ವರ್ಷ, ಅತ್ತೆ ಹೋಗುವ ತನಕವೂ, ಭರಣಿಯ ಬಟ್ಟೆ ಬಿಚ್ಚಲು ಅವಳಿಗೆ ಬಿಡಲಿಲ್ಲ.

"ಮೊದಮೊದ್ಲು, ನಾನು ಸುಳ್ಳು ಒಪ್ಪಿಕೊಂಡೆ ಅಂತ ಗೊತ್ತಿತ್ತು. ಹೇಳ್ತಾ ಹೇಳ್ತಾ, ಮುಟ್ಟಿದ್ದೆನೋ ಏನೋ ಅನ್ನಿಸ್ತು. ಆಮೇಲೆ ಮುಟ್ಟಿದ್ದೆ ಅಂತ್ಲೇ ಆಯ್ತು. ಇವ್ಳು ಮುಟ್ಲಿಲ್ಲ ಮುಟ್ಲಿಲ್ಲ ಅಂದಾಗ ಸಿಟ್ಟು ಬರ್ತಿತ್ತು ನಂಗೆ. ನಾನು ಒಪ್ಪಿಕೊಳ್ಲಿಲ್ವಾ, ಇವ್ಳಿಗೆ ಎಂತ, ಅಂತ."

ಅವಳು ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ. ನಿಜವಾಗಿ ಉತ್ತರ ಬೇಕಾದವಳ ಹಾಗೆ ಕೇಳಿದಳು.

"ಅವತ್ತು ನಾನು ಮುಟ್ಟಿದ್ನಾ ಇಲ್ವಾ ಅಂತ ಈಗ ನೋಡೂದು ಹೆಂಗೆ ಕೂಸೇ?"

ಈಗ ನಾನೂ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನೋಡಿ, ಕೇಳಿ, ಊಹಿಸಿ, ಪರೀಕ್ಷಿಸಿ, ಒಪ್ಪಿ ಎಂದು ಬೋರ್ಡಿನ ಮೇಲೆ ಬರೆಯುವಾಗ ಪ್ರತಿ ವರ್ಷವೂ ಆ ಪ್ರಶ್ನೆ ನನ್ನ ಬೆನ್ನ ಹಿಂದೆ ಬಂದು ನಿಲ್ಲುತ್ತದೆ. ಅವತ್ತು ನಾನು ಬಾಟಲಿಗಳನ್ನು ನೋಡಿದೆ, ಅಮ್ಮನನ್ನು ನೋಡಿದೆ. ಅಜ್ಜಿ ಹೇಳಿದ ಆ ಹಳೆಯ ವರ್ಷದ ಮಿಡಿ ಇಲ್ಲ, ಉಪ್ಪಿಲ್ಲ, ಹಾಕಿದ ಕೈಯೂ ಇಲ್ಲ. ಗೊತ್ತಿಲ್ಲ ಅಜ್ಜಿ ಅಂದೆ.

ಹಿತ್ತಲ ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ಅಡುಗೆಮನೆಯ ಹೊಸಿಲು ದಾಟಿ, ಅದನ್ನೂ ಹಾದು ನಡುಕೋಣೆಗೆ ಬಂದು, ಅಜ್ಜಿಯ ಮಣೆಯ ಎದುರು ನೆಲದ ಮೇಲೆ ಕೂತಳು.

"ನೀವು ಮುಟ್ಟಿರ್ಲಿಲ್ಲ ಅತ್ತೆ," ಅಂದಳು.

"ನಿಂಗೆ ಹೆಂಗೆ ಗೊತ್ತು?"

"ಮೊದಲು ನೀವು ಇಲ್ಲ ಅಂದಿದ್ರಲ್ಲ. ಅಷ್ಟು ಸಾಕು."

ಅಜ್ಜಿ ಕೈ ಚಾಚಿ ಚಿಕ್ಕಮ್ಮನ ಕೈ ಹಿಡಿದುಕೊಂಡಳು. ಆ ಕೈ ಪಾತ್ರೆ ತೊಳೆದು ಇನ್ನೂ ಒದ್ದೆಯಿತ್ತು.